ಎಡಮನೆಯ ಬೆಂಕಿ

ಕೆರೆಯ ಅಂಚಿನ ನೀರು ಬೆಳಗಿನ ಹೊತ್ತು ಗಾಜಿನ ಹಾಳೆಯಂತೆ ಗಟ್ಟಿಯಾಗಲು ಶುರುವಾಯಿತೆಂದರೆ ನನ್ನ ಕೈಗೆ ಬಿಡುವಿಲ್ಲ. ಹಿಮ ಬೀಳುವುದರೊಳಗೆ ನಮ್ಮ ಬೀದಿಯ ಇಪ್ಪತ್ತಮೂರು ಮನೆಗಳ ಬೆಂಕಿಗೂಡುಗಳನ್ನೂ ಬಿಚ್ಚಬೇಕು, ಮಸಿ ಕೆರೆಯಬೇಕು, ಜಾಲರಿ ಬಡಿದು ನೇರ ಮಾಡಬೇಕು, ಬಿರುಕು ಕಂಡಲ್ಲಿ ಜೇಡಿಮಣ್ಣು ಮೆತ್ತಬೇಕು. ಆ ವರ್ಷ ಹಿಮ ಎಂಟು ದಿನ ಮೊದಲೇ ಬರುತ್ತದೆಂದು ಕುರಿಯವರು ಹೇಳಿದ್ದರು. ದಿನಕ್ಕೆ ಎರಡು ಗೂಡು ಮಾಡುವವನು ನಾಲ್ಕು ಮಾಡುತ್ತಿದ್ದೆ. ಮನೆಗೆ ಹೋಗುವಾಗ ನನ್ನ ಹಲ್ಲು ಬಿಟ್ಟರೆ ಮಿಕ್ಕಿದ್ದೆಲ್ಲ ಕಪ್ಪು. ಹೆಂಡತಿ ಲಕ್ಕಮ್ಮ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ನೀರು ಹೊಯ್ಯುತ್ತಿದ್ದಳು. "ಗಂಡ ಅಂತ ಗೊತ್ತಾಗ್ಲಿ ಅಂತ ಮೂಗಾದ್ರೂ ತೊಳ್ಕೊಂಡು ಬಾ" ಎನ್ನುತ್ತಿದ್ದಳು.

ನಮ್ಮ ಊರಲ್ಲಿ ಒಂದು ಮನೆಯ ಗೂಡಿನ ಕಾವು ಆ ಮನೆಯವರಿಗೆ ದಕ್ಕುವುದಿಲ್ಲ. ಅದು ಬಲಕ್ಕಿರುವ ಮನೆಗೆ ಹೋಗುತ್ತದೆ. ತನ್ನ ಬೆಂಕಿಗೆ ಕೈ ಒಡ್ಡಿದರೆ ಕೈ ಸುಟ್ಟುಕೊಳ್ಳಬಹುದೇ ಹೊರತು ಬೆಚ್ಚಗಾಗುವುದಿಲ್ಲ. ಅಡಿಗೆಯ ಒಲೆ ಅನ್ನ ಬೇಯಿಸುತ್ತದೆ, ಅದರ ಕೆಲಸ ಅಷ್ಟೇ. ಬೀದಿ ಬಳೆಯ ಹಾಗೆ ದುಂಡಗಿರುವುದರಿಂದ ಯಾರೂ ತುದಿಯಲ್ಲಿಲ್ಲ. ಪ್ರತಿ ಮನೆಗೂ ತನ್ನನ್ನು ಕಾಯಿಸುವ ಒಂದು ಎಡಮನೆ ಉಂಟು, ತಾನು ಕಾಯಿಸಬೇಕಾದ ಒಂದು ಬಲಮನೆ ಉಂಟು. ಹೆಣ್ಣು ಕೊಡುವವರು ಹುಡುಗನ ಹೊಲ ಕೇಳುವ ಮೊದಲು ಎಡಮನೆಯವರು ಎಂಥವರು ಎಂದು ಕೇಳುತ್ತಾರೆ. ಇನ್ನೊಂದು ಮಾತು. ಮನೆ ತಣ್ಣಗಾದರೆ ಬಲಮನೆಯವರು ಎಡಮನೆಯವರ ಮುಂದೆ ಹೋಗಿ ಹಾಗೆನ್ನುವಂತಿಲ್ಲ. ಉಂಡ ಮನೆಯಲ್ಲಿ ಕೂತು ಸಾರಿಗೆ ಉಪ್ಪಿಲ್ಲ ಎಂದ ಹಾಗಾಗುತ್ತದೆ. ನನ್ನ ಬಳಿ ಬಂದು, "ಬೈಲಣ್ಣ, ಯಾಕೋ ಗೋಡೆ ತಣ್ಣಗೈತೆ" ಎಂದರೆ ಮುಗಿಯಿತು. ನಾನು ಹೇಳಿದವರ ಮನೆಗೆ ಹೋಗುವುದಿಲ್ಲ, ಅವರ ಎಡಮನೆಗೆ ಹೋಗಿ ಗೂಡು ನೋಡುತ್ತೇನೆ. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದ.

ಕಂಬಳಿ ನೇಯುವ ಬೀರಯ್ಯನ ಗೂಡು ಆ ದಿನದ ನಾಲ್ಕನೆಯದು. ಬೀರಯ್ಯ ಐವತ್ತು ದಾಟಿದ ಗಂಡಸು. ಹೆಂಡತಿ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದ, ಮೊದಲೂ ಬಹಳ ಆಡುವವನಲ್ಲ. ಅವನ ಹೊಗೆಕೊಳವೆಯೊಳಗಿನ ಬಿಲ್ಲೆ ತುಕ್ಕು ತಿಂದು ಜರಡಿಯಾಗಿತ್ತು. ಗೂಡಿನ ಜೀವವೆಲ್ಲ ಆ ತಗಡಿನ ಬಿಲ್ಲೆಯಲ್ಲಿದೆ. ಹೊರಗಿನ ಹಿಡಿ ತಿರುಗಿಸಿದರೆ ಅದು ಕೊಳವೆಗೆ ಅಡ್ಡ ನಿಂತು ಮೇಲಕ್ಕೆ ಹೋಗುವ ಕಾವನ್ನು ತಡೆದು ಬಲಮನೆಯ ಕಡೆ ತಿರುಗಿಸುತ್ತದೆ, ಹೊಗೆಯನ್ನಷ್ಟೇ ಸಂದಿಯಿಂದ ಬಿಡುತ್ತದೆ. ನಾನು ಹೊಸ ಬಿಲ್ಲೆ ಕತ್ತರಿಸಿದೆ. ಅದನ್ನು ಹಿಡಿಯ ಸರಳಿಗೆ ರಿವೆಟ್ಟು ಹೊಡೆದು ಕೂರಿಸಬೇಕು. ಚೀಲಕ್ಕೆ ಕೈ ಹಾಕಿದರೆ ರಿವೆಟ್ಟು ಮುಗಿದಿದ್ದವು. ಕತ್ತಲಾಗುತ್ತಿತ್ತು. ಸದ್ಯಕ್ಕೆ ತಂತಿ ಸುತ್ತಿ ಬಿಗಿದೆ, ನಾಳೆ ಬಂದು ರಿವೆಟ್ಟು ಹೊಡೆದರಾಯಿತು ಅಂದುಕೊಂಡೆ. ಬೀರಯ್ಯನಿಗೆ ಹೇಳಲಿಲ್ಲ. ಮಾರನೆಯ ದಿನ ಬೆಳಗ್ಗೆ ಎದ್ದಾಗ ಹಿಮ ಬಿದ್ದಿತ್ತು. ಬೀದಿಯ ಆಚೆ ಬದಿಯ ಮೂರು ಗೂಡು ಇನ್ನೂ ಬಾಕಿ ಇದ್ದವು, ಆ ಕಡೆ ಓಡಿದೆ.

ಹಿಮ ಬಿದ್ದು ತಿಂಗಳಾದ ಮೇಲೆ ಬೀರಯ್ಯನ ಬಲಮನೆಯ ಅಕ್ಕಯಮ್ಮ ನಮ್ಮ ಮನೆಗೆ ಬಂದಳು. ಸೆರಗಿನ ಮೇಲೆ ಕಂಬಳಿ, ಅದರ ಮೇಲೆ ಇನ್ನೊಂದು ಕಂಬಳಿ ಹೊದ್ದಿದ್ದಳು. ಅವಳ ಮಗಳು ಸಾಕಿ ಹೆರಿಗೆಗೆ ಬಂದಿದ್ದಳು, ಮಗುವಾಗಿ ಹನ್ನೆರಡು ದಿನ.

"ಬೈಲಣ್ಣ, ಗೋಡೆ ತಣ್ಣಗೈತೆ" ಎಂದಳು. ಕಟ್ಟಳೆಯ ಮಾತು ಅಷ್ಟೇ. ಆಮೇಲೆ ತಡೆಯಲಾರದೆ, "ಬಾಣಂತಿ ಮನೆ ಕಣಪ್ಪ. ಕೂಸಿನ ಕಾಲು ಮುಟ್ಟುದ್ರೆ ಮೀನು ಮುಟ್ದಂಗೈತೆ. ಹೋದ ವರ್ಷ ನನ್ನ ಮೇಕೆ ಅವನ ಬಣ್ಣದ ಉಣ್ಣೆ ತಿಂತು, ಒಪ್ಕೊತೀನಿ. ಮೇಕೆ ತಪ್ಪಿಗೆ ಕೂಸಿಗೆ ಚಳಿ ಬುಡ್ತಾನಾ ಮನುಷ್ಯ?" ಎಂದಳು.

"ಹೊಗೆ ಬರ್ತಾ ಐತಲ್ಲಮ್ಮ ಅವನ ಮನೆಯಿಂದ" ಎಂದಳು ಲಕ್ಕಮ್ಮ.

"ಹೊಗೆ ಬರದೇನು. ಹಸಿ ಹುಲ್ಲು ಸುಟ್ಟರೂ ಹೊಗೆ ಬತ್ತದೆ. ಬೀದಿಗೆ ಕಾಣ್ಲಿ ಅಂತ ಹೊಗೆ ಬುಡ್ತಾವ್ನೆ."

ನಾನು ಬೀರಯ್ಯನ ಮನೆಗೆ ಹೋದೆ. ಅವನು ಕುಳಿಮಗ್ಗದಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದ. ನನ್ನನ್ನು ನೋಡಿ ಎದ್ದು ಗೂಡಿನ ಬಾಗಿಲು ತೆರೆದು ತೋರಿಸಿದ. ಒಳಗೆ ಬೆಂಕಿ ಭೋರೆನ್ನುತ್ತಿತ್ತು. ಅಷ್ಟು ಸದ್ದು ಮಾಡುವ ಬೆಂಕಿ ಮೇಲಕ್ಕೆ ಓಡುವ ಬೆಂಕಿ ಎಂದು ನನ್ನ ಅಪ್ಪ ನನಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದ. ಹಿಡಿ ತಿರುಗಿಸಿದೆ. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಆಗ ತಂತಿಯ ನೆನಪು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ರಿವೆಟ್ಟು ಹೊಡೆದಿರಬೇಕು ಬಿಡು ಎಂದು ನನಗೆ ನಾನೇ ಹೇಳಿಕೊಂಡೆ, ಹೋಯಿತು. ಕೊಳವೆ ಬಿಚ್ಚಬೇಕಾದರೆ ಬೆಂಕಿ ಆರಿಸಿ ಅರ್ಧ ದಿನ ಕಾಯಬೇಕು. ಆ ಹೊತ್ತಿಗೆ ಬೇರೆ ಎರಡು ಮನೆಯವರು ನನಗಾಗಿ ಕಾಯುತ್ತಿದ್ದರು.

"ಸೌದೆ ಬೇಗ ಮುಗೀತಾ ಐತೆ ಬೈಲಣ್ಣ" ಎಂದ ಬೀರಯ್ಯ. "ದಿನಕ್ಕೊಂದು ಹೊರೆ ಸಾಕಾಗ್ತಿತ್ತು. ಈಗ ಎರಡು ಹಾಕಿದ್ರೂ ನಡುರಾತ್ರೀಲಿ ಆರೋಗ್ತದೆ."

"ಈ ಸಲದ ಸೌದೆ ಟೊಳ್ಳು. ಎಲ್ಲರೂ ಹಂಗೇ ಅಂತಾರೆ" ಎಂದೆ. ಯಾರೂ ಹಾಗೆ ಅಂದಿರಲಿಲ್ಲ.

ಅಕ್ಕಯಮ್ಮನ ಗೋಡೆ ಬೆಚ್ಚಗಾಗಲಿಲ್ಲ. ಮಗುವಿಗೆ ಕೆಮ್ಮು ಹಿಡಿಯಿತು. ಮಾತು ಬೀದಿಯಲ್ಲೆಲ್ಲ ಓಡಾಡಿ ಕೊನೆಗೆ ಯಜಮಾನ ಗಿರಿಯಪ್ಪನ ಜಗುಲಿಗೆ ಬಂತು. ಗಿರಿಯಪ್ಪ ಬೀದಿಯ ಹಿರಿಯ. ಬೀರಯ್ಯನ ಎಡಮನೆಯವನೂ ಅವನೇ, ಚಿಕ್ಕಂದಿನಿಂದ ಚೌಕಾಬಾರ ಆಡಿದ ಗೆಳೆಯನೂ ಅವನೇ. ಬಲಮನೆಗೆ ಬೆಂಕಿ ಹಾಕದವನನ್ನು ಮೂರು ದಿನ ತಣ್ಣಗಿಡುವುದು ನಮ್ಮಲ್ಲಿಯ ಶಿಕ್ಷೆ. ಅವನ ಎಡಮನೆಯವರು ಗೂಡು ಆರಿಸಿಬಿಡುತ್ತಾರೆ. ಆ ಮೂರು ದಿನ ಯಾರೂ ಅವನಿಗೆ ಬಾಗಿಲು ತೆರೆಯುವುದಿಲ್ಲ. ನನಗೆ ತಿಳಿದಂತೆ ಹಿಂದೆ ಒಂದೇ ಸಲ ಹಾಗಾಗಿತ್ತು. ಆದರೆ ಅದಕ್ಕೆ ಮೊದಲು ಗೂಡು ಮಾಡುವವನ ಮಾತು ಕೇಳಬೇಕು. ಗೂಡು ಕೆಟ್ಟಿದೆ ಎಂದು ಅವನು ಹೇಳಿದರೆ ಮನೆಯವನ ಮೇಲೆ ತಪ್ಪಿಲ್ಲ.

ಜಗುಲಿಯ ಮೇಲೆ ಹದಿನೈದು ಇಪ್ಪತ್ತು ಜನ ಕೂತಿದ್ದರು. ಎಲ್ಲರ ಬಾಯಿಂದಲೂ ಉಸಿರು ಹಬೆಯಾಗಿ ಏಳುತ್ತಿತ್ತು.

"ಏನಪ್ಪ ಬೀರಯ್ಯ, ಬೆಂಕಿ ಹಾಕ್ತಿದ್ದೀಯೋ?" ಎಂದ ಗಿರಿಯಪ್ಪ.

"ಹಾಕ್ತಿದ್ದೀನಿ. ದಿನಾ ಎರಡು ಹೊರೆ."

"ಎರಡು ಹೊರೆ ಹಾಕಿದ್ರೆ ನನ್ನ ಗೋಡೆ ಬೆವರಬೇಕಾಗಿತ್ತು" ಎಂದಳು ಅಕ್ಕಯಮ್ಮ. ಯಾರೋ ನಕ್ಕರು. ಅವಳು ನಗಿಸಲು ಹೇಳಿದ್ದಲ್ಲ. ಅವಳ ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಬೈಲಣ್ಣ, ಗೂಡು ಹೆಂಗೈತೆ?"

"ಸರಿ ಐತೆ ಯಜಮಾನ್ರೇ. ಹಿಮಕ್ಕೆ ಮುಂಚೆ ನಾನೇ ಹೊಸ ಬಿಲ್ಲೆ ಹಾಕಿದೀನಿ."

ಬೀರಯ್ಯ ನನ್ನ ಕಡೆ ತಿರುಗಿದ. ಕೋಪ ಇರಲಿಲ್ಲ, ದಾರಿ ಕೇಳುವವನ ಹಾಗೆ ಕೇಳಿದ. "ಕೊಳವೆ ಬಿಚ್ಚಿ ನೋಡ್ದಾ ಬೈಲಣ್ಣ?"

ಬೀದಿಯೆಲ್ಲ ನನ್ನ ಮುಖ ನೋಡುತ್ತಿತ್ತು. ಇಪ್ಪತ್ತು ವರ್ಷದಿಂದ ನಾನು ಮಾಡಿದ ಗೂಡಿನ ಬಗ್ಗೆ ಯಾರೂ ಇನ್ನೊಂದು ಮಾತು ಕೇಳಿರಲಿಲ್ಲ. "ನೋಡಿದೆ" ಎಂದೆ.

ಅವನು ತಲೆಯಾಡಿಸಿದ. ಗೂಡಿನವನು ಬಿಚ್ಚಿ ನೋಡಿದ್ದಾನೆಂದ ಮೇಲೆ ತಪ್ಪು ತನ್ನಲ್ಲೇ ಎಲ್ಲೋ ಇದೆ ಎಂದು ಅವನಿಗೇ ಅನ್ನಿಸಿರಬೇಕು. ತನ್ನ ಬೆಂಕಿ ತನಗೆ ತಾಗದ ಊರಲ್ಲಿ ತನ್ನ ಗೂಡು ಕಾಯುತ್ತಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಅವನ ಹತ್ತಿರ ಏನಿತ್ತು? ಅಕ್ಕಯಮ್ಮನ ಮಾತು, ನನ್ನ ಮಾತು, ಎರಡೇ. ಗಿರಿಯಪ್ಪ ಅಂದು ಸಂಜೆ ತನ್ನ ಗೂಡಿಗೆ ನೀರು ಹೊಯ್ದ. ಹೊಯ್ಯುವಾಗ ಅತ್ತನಂತೆ. ಅವನ ಹೆಂಡತಿ ಲಕ್ಕಮ್ಮನಿಗೆ ಹೇಳಿದಳು.

ಮೊದಲ ದಿನ ಬೀರಯ್ಯನ ಹೊಗೆ ಎಂದಿನಂತೆ ಎದ್ದಿತು. ತಾನು ತಣ್ಣಗೆ ಕೂತವನು ಪಕ್ಕದವರಿಗೆ ಬೆಂಕಿ ಹಾಕುತ್ತಾನೆಯೇ, ಅದೂ ಹುಲ್ಲಿನ ಹೊಗೆಯೇ ಇರಬೇಕು ಎಂದರು ಜನ. ಎರಡನೆಯ ದಿನ ಬಾವಿಯ ಹಗ್ಗ ಕೋಲಿನಂತೆ ಸೆಟೆದುಕೊಂಡಿತ್ತು. ನಾನು ಕೆಲಸದ ಚೀಲ ತೆಗೆದು ರಿವೆಟ್ಟುಗಳನ್ನು ಎಣಿಸಿದೆ. ಹೊಸದಾಗಿ ತಂದ ಐವತ್ತರಲ್ಲಿ ಯಾವ ಯಾವ ಮನೆಗೆ ಎಷ್ಟು ಹೋಯಿತು ಎಂದು ಬೆರಳು ಮಡಿಸುತ್ತಾ ಬಂದೆ. ಬೀರಯ್ಯನ ಮನೆಯದು ಬರಲಿಲ್ಲ. ಮತ್ತೆ ಎಣಿಸಿದೆ.

"ಏನ್ ಎಣಿಸ್ತಿದ್ದೀಯ ಆಗ್ಲಿಂದ?" ಎಂದಳು ಲಕ್ಕಮ್ಮ.

"ಏನಿಲ್ಲ."

"ಏನಿಲ್ಲ ಅನ್ನೋನು ಅನ್ನ ಬಿಟ್ಟು ಎಣಿಸಲ್ಲ" ಎಂದಳು. ನಾನು ಚೀಲ ಕಟ್ಟಿಟ್ಟೆ. ಒಂದು ದಿನ ಉಳಿದಿದೆ, ಮುಗಿದ ಮೇಲೆ ಮೆಲ್ಲಗೆ ಹೋಗಿ ಸರಿ ಮಾಡಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ಹಾಕಿದವನು ನಾನೇ.

ಮೂರನೆಯ ದಿನ ಬೆಳಗ್ಗೆ ಅಕ್ಕಯಮ್ಮ ಓಡಿಬಂದಳು. ಒಂದೇ ಕಂಬಳಿ ಇತ್ತು, ಅದೂ ಹೆಗಲಿಂದ ಜಾರಿತ್ತು.

"ಬೈಲಣ್ಣ, ಅವನು ಮಂಚ ಒಡೀತಾವ್ನೆ."

"ಯಾರು?"

"ಬೀರಯ್ಯ. ಸದ್ದು ಕೇಳಿ ಕಿಟಕೀಲಿ ಇಣುಕಿದೆ. ಮಂಚದ ಕಾಲು ಮುರಿದು ಗೂಡಿಗೆ ಹಾಕ್ತಾವ್ನೆ. ಬಾಗಿಲು ಪಕ್ಕದ ಸೌದೆ ಒಟ್ಟಿಲು ಒಂದು ಕಡ್ಡಿ ಇಲ್ದಂಗೆ ಖಾಲಿ. ಹುಲ್ಲಲ್ಲ ಬೈಲಣ್ಣ. ನಾನು ಹುಲ್ಲು ಅಂದ್ನಲ್ಲ." ಅವಳು ನಮ್ಮ ಹೊಸ್ತಿಲಲ್ಲೇ ಕೂತುಬಿಟ್ಟಳು. "ಆ ಬೆಂಕಿ ಎಲ್ಲಿ ಹೋಯ್ತಾ ಐತೆ? ನನ್ನ ಮನೆಗೆ ಬತ್ತಾ ಇಲ್ಲ. ಅವನು ಹಾಕ್ತಾವ್ನೆ, ನನಗೆ ಬತ್ತಾ ಇಲ್ಲ."

ಲಕ್ಕಮ್ಮ ನನ್ನ ಮುಖ ನೋಡಿದಳು. ಮೂಲೆಯಲ್ಲಿದ್ದ ಚೀಲ ತಂದು ನನ್ನ ಕೈಗೆ ಕೊಟ್ಟಳು.

ಬೀರಯ್ಯನ ಮನೆಯೊಳಗೆ ಹೊರಗಿಗಿಂತ ಚಳಿ ಹೆಚ್ಚಿತ್ತು. ಗೋಡೆಗೆ ಬಿಳಿ ಹೂವಿನಂತೆ ಹಿಮ ಹತ್ತಿತ್ತು. ಅಟ್ಟದ ಹಲಗೆಗಳೂ ಗೂಡಿಗೆ ಹೋಗಿದ್ದವು. ನಾಲ್ಕು ಕಂಬಳಿ ಹೊದ್ದು ಅವನು ಗೂಡಿನ ಮುಂದೆ ಕೂತಿದ್ದ. ಕಂಬಳಿ ನೇಯುವವನಿಗೆ ಕಂಬಳಿಗೆ ಬರವಿರಲಿಲ್ಲ. ಆದರೆ ಬೆಂಕಿಗೆ ಕಟ್ಟಿಗೆ ಹಾಕಬೇಕಾದರೆ ಕೈ ಹೊರಗೆ ಬರಬೇಕು, ಗೂಡಿನ ಬಾಗಿಲಿನ, ಹಿಮದಂತೆ ಕೊರೆಯುವ ಕಬ್ಬಿಣದ ಹಿಡಿ ಹಿಡಿಯಬೇಕು. ಮೂರು ದಿನ, ರಾತ್ರಿ ಹಗಲು, ಗಳಿಗೆಗೊಂದು ಸಲ ಅವನು ಹಿಡಿದಿದ್ದ.

"ಆರಿಸ್ತೀನಿ ಬೀರಯ್ಯ" ಎಂದೆ.

"ಆರಿಸಿದ್ರೆ ಕೂಸು?"

"ಕೂಸಿಗೆ ಇದು ತಲುಪ್ತಾ ಇಲ್ಲ."

ಅವನು ಪಕ್ಕಕ್ಕೆ ಸರಿದ. ಬೆಂಕಿ ಆರಿಸಿದೆ. ಆ ಮನೆಯಲ್ಲಿ ಕೊಳವೆ ಆರಲು ಅರ್ಧ ದಿನ ಬೇಕಾಗಲಿಲ್ಲ. ಬಿಚ್ಚಿದಾಗ ಬಿಲ್ಲೆ ಕೊಳವೆ ಬಾಗುವ ಕಡೆ ಅಂಗಾತ ಬಿದ್ದಿತ್ತು. ತಂತಿ ಸುಟ್ಟು ಪುಡಿಯಾಗಿತ್ತು, ಮುಟ್ಟಿದೊಡನೆ ಉದುರಿತು. ಹಿಡಿಯ ಸರಳು ಬರಿದೇ ತಿರುಗುತ್ತಿತ್ತು. ತಿಂಗಳಿಗೂ ಮೇಲೆ ಅವನ ಸೌದೆ, ಅವನ ಅಟ್ಟದ ಹಲಗೆ, ಅವನ ಮಂಚ ಎಲ್ಲದರ ಕಾವೂ ನೇರ ಮೇಲಕ್ಕೆ ಹೋಗಿತ್ತು.

ಬಿಲ್ಲೆಯನ್ನು ಅವನ ಮುಂದೆ ಇಟ್ಟೆ. "ತಂತೀಲಿ ಕಟ್ಟಿದ್ದೆ. ರಿವೆಟ್ಟು ಹೊಡೀಲಿಲ್ಲ. ಅವತ್ತು ಬಿಚ್ಚಿ ನೋಡ್ಲೂ ಇಲ್ಲ."

ಅವನು ಬಿಲ್ಲೆಯನ್ನು ಎಡಗೈಯಿಂದ ತಿರುವಿ ನೋಡಿದ. "ಹಂಗಾದ್ರೆ ಎಲ್ಲ ಆಕಾಶಕ್ಕೆ ಹೋಯ್ತು."

"ಹೂಂ."

"ಹೋಗ್ಲಿ. ಅಲ್ಲೂ ಯಾರಿಗಾದ್ರೂ ಚಳಿ ಇದ್ದೀತು" ಎಂದ.

ಎರಡು ರಿವೆಟ್ಟು ಹೊಡೆದು, ಕೊಳವೆ ಕೂಡಿಸಿ, ಸಂದಿಗೆ ಮಣ್ಣು ಮೆತ್ತಿ, ನಮ್ಮ ಮನೆಯಿಂದ ಸೌದೆ ತಂದು ಹಚ್ಚಿದೆ. ಈ ಸಲ ಬೆಂಕಿ ಸದ್ದು ಮಾಡಲಿಲ್ಲ, ಕೆಂಪಗೆ ಕೂತುಕೊಂಡಿತು. ಅಲ್ಲಿಂದ ಎದ್ದು ನೇರವಾಗಿ ಗಿರಿಯಪ್ಪನ ಜಗುಲಿಗೆ ಹೋದೆ. ಜನ ಸೇರುವವರೆಗೆ ಕಾದೆ. ನಡೆದದ್ದನ್ನು ಹೇಳಿದೆ, ತಂತಿಯಿಂದ ಹಿಡಿದು "ನೋಡಿದೆ" ಎಂದ ಸುಳ್ಳಿನವರೆಗೆ, ರಿವೆಟ್ಟು ಎಣಿಸಿಯೂ ಸುಮ್ಮನಿದ್ದದ್ದನ್ನೂ.

ಗಿರಿಯಪ್ಪನ ಮನೆಯವಳು ಆಗಲೇ ಗೂಡು ಹಚ್ಚಲು ಒಳಗೆ ಓಡಿದ್ದಳು. "ನನ್ನ ಕೈಲಿ ನೀರು ಹೊಯ್ಸಿದಲ್ಲೋ" ಎಂದ ಗಿರಿಯಪ್ಪ.

"ನನಗೇನು ಶಿಕ್ಷೆ ಅಂತ ಹೇಳಿ."

"ಏನಂತ ಹೇಳ್ಲಿ? ಬೆಂಕಿ ಹಾಕದೋನಿಗೆ ಕಟ್ಟಳೆ ಐತೆ. ಗೂಡಿನೋನು ಸುಳ್ಳು ಹೇಳ್ದ ಅನ್ನೋದಕ್ಕೆ ಕಟ್ಟಳೆ ಇಲ್ಲ. ಹಂಗಾಗ್ತದೆ ಅಂತ ಹಿರಿಯರು ಅಂದ್ಕೊಂಡಿರ್ಲಿಲ್ಲ." ಅವನು ಎದ್ದು ಒಳಗೆ ಹೋದ. ಜನರೂ ಒಬ್ಬೊಬ್ಬರಾಗಿ ಎದ್ದು ಹೋದರು. ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಜಗುಲಿ ಇಳಿಯುವುದು ಸುಲಭವಾಗುತ್ತಿತ್ತು.

ಅಂದು ರಾತ್ರಿಯೇ ಅಕ್ಕಯಮ್ಮನ ಗೋಡೆ ಬೆಚ್ಚಗಾಯಿತು. ಮಗು ನಾಲ್ಕು ದಿನದಲ್ಲಿ ಕೆಮ್ಮುವುದು ಬಿಟ್ಟು ಅಳಲು ಶುರು ಮಾಡಿತು, ಸಾಕಿ ಅದೇ ಸಂಗೀತ ಎಂದಳಂತೆ. ಅಕ್ಕಯಮ್ಮ ಅಳಿಯನ ಕೈಲಿ ತನ್ನ ಮನೆಯ ಮಂಚ ಹೊರಿಸಿಕೊಂಡು ಬಂದು ಬೀರಯ್ಯನ ಬಾಗಿಲಲ್ಲಿ ಇಳಿಸಿದಳು. ಅವನು ಹೊರಗೆ ಬಂದು ನೋಡಿ, "ಇದು ನಿನ್ನಳತೆಗೆ ಮಾಡ್ಸಿದ್ದು ಕಣವ್ವ, ನನ್ನ ಕಾಲು ಹೊರಗೆ ಚಾಚ್ಕತದೆ" ಎಂದ. "ಮಡಚ್ಕೊಂಡು ಮಲಕ್ಕೊ" ಎಂದಳು ಅವಳು. ಮೇಕೆಯ ಜಗಳವಾದ ಮೇಲೆ ಅವರಿಬ್ಬರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು.

ಐದನೆಯ ದಿನ ಬೀರಯ್ಯ ನನಗೆ ಹೇಳಿಕಳಿಸಿದ. ಹೋದಾಗ ಮೊರ, ಸೇರು, ರಾಗಿಯ ಗುಡಾಣ ಮುಂದಿಟ್ಟುಕೊಂಡು ಕೂತಿದ್ದ. ಬಲಮನೆ ಬೆಚ್ಚಗಾದ ಮೇಲೆ ಗೂಡಿನವನಿಗೆ ಎರಡು ಸೇರು ರಾಗಿ ಕೊಡುವುದು ನಮ್ಮಲ್ಲಿಯ ಕೂಲಿ.

"ಬೇಡ ಬೀರಯ್ಯ" ಎಂದೆ. "ಇದನ್ನ ನಾನು ಹೆಂಗೆ ತಗೊಳ್ಲಿ?"

"ಕೆಲಸ ಮಾಡಿದ್ದೀಯ. ಗೂಡು ಚೆನ್ನಾಗಿ ಕಾಯ್ತಾ ಐತೆ ಅಂತ ಅಕ್ಕಯಮ್ಮನೇ ಹೇಳಿದ್ಲು. ನಿನ್ನ ಕೂಲಿ ನನ್ನ ಮೇಲೆ ಇರೋದು ಬೇಡ." ಕೋಪದ ಮಾತಲ್ಲ. ಕೋಪವಾದರೆ ಉತ್ತರ ಹೇಳಬಹುದಿತ್ತು.

ಪಂಚೆಯ ಸೆರಗು ಒಡ್ಡಿದೆ. ಅವನು ಸೇರು ತುಂಬಿ ಎತ್ತಿದ. ಅರ್ಧದಲ್ಲಿ ಸೇರು ಓರೆಯಾಯಿತು, ರಾಗಿ ನೆಲಕ್ಕೆ ಸುರಿಯಿತು. ಅವನಿಗೆ ಅದು ತಿಳಿಯಲಿಲ್ಲ, ಬಗ್ಗಿ ನೋಡಿದ ಮೇಲೆ ತಿಳಿಯಿತು. ಬಲಗೈಯ ನಡುಬೆರಳು, ಉಂಗುರದ ಬೆರಳು ಎರಡೂ ತುದಿಯಲ್ಲಿ ಮೇಣದ ಬಣ್ಣಕ್ಕೆ ತಿರುಗಿದ್ದವು. ಗೂಡಿನ ಹಿಡಿ ಹಿಡಿದಿದ್ದ ಬೆರಳುಗಳು.

"ಯಾವಾಗಿಂದ?"

"ಆವಾಗಿಂದ. ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ. ನಾಟಿ ವೈದ್ಯ ನೋಡ್ದ. ಉಳೀತವೆ, ಆದ್ರೆ ಅರಿವು ಬರಲ್ಲ ಅಂದ." ಚೆಲ್ಲಿದ ರಾಗಿ ಬಾಚಲು ನಾನು ಮೊಣಕಾಲೂರಿದೆ. ಅವನು ಸೇರನ್ನು ಎಡಗೈಗೆ ಬದಲಾಯಿಸಿ, ಅಂಚಿನವರೆಗೂ ತುಂಬಿ ಮತ್ತೆ ಸುರಿದ. ಎರಡು ಸೇರು, ಒಂದು ಕಾಳು ಕಡಿಮೆಯಿಲ್ಲ.

ಕುಳಿಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಹಾಗೇ ಇತ್ತು. ಹಾಸಿನ ಎಳೆ ಅಲ್ಲಲ್ಲಿ ಕಡಿದು ಜೋತಾಡುತ್ತಿತ್ತು. ಉಣ್ಣೆಯ ಎಳೆ ನೇಯುವಾಗ ಕಡಿಯುತ್ತಲೇ ಇರುತ್ತದೆ, ನೇಕಾರ ಕಣ್ಣಿಂದ ನೋಡದೆ ಬೆರಳಿಂದಲೇ ಅದನ್ನು ಹುಡುಕಿ ಗಂಟು ಹಾಕುತ್ತಾನೆ. ಕಣ್ಣಿಟ್ಟು ಹುಡುಕುತ್ತಾ ಕೂತರೆ ಒಂದು ಕಂಬಳಿಗೆ ಒಂದು ಚಳಿಗಾಲ ಬೇಕು.

ನಾನು ರಾಗಿಯನ್ನು ಬಾಗಿಲ ಬಳಿ ಇಟ್ಟು ಬಂದು ಮಗ್ಗದ ಪಕ್ಕ ಕೂತೆ. ಅವನು ಕುಳಿಯೊಳಗೆ ಕಾಲಿಳಿಸಿ ಲಾಳಿ ಕೈಗೆತ್ತಿಕೊಂಡ. ಒಂದು ಎಳೆ ಕಡಿದಿತ್ತು. ನಾನು ಎರಡು ತುದಿಯನ್ನೂ ಹುಡುಕಿದೆ. ತಗಡು ಬಡಿದ ಬೆರಳುಗಳಿಗೆ ಉಣ್ಣೆಯ ಎಳೆ ಸಿಗುವುದು ಸುಲಭವಲ್ಲ. ಮೂರನೆಯ ಸಲಕ್ಕೆ ಗಂಟು ಬಿತ್ತು. ಅವನು ಎಡಗೈ ಹೆಬ್ಬೆರಳನ್ನು ಅದರ ಮೇಲೆ ಆಡಿಸಿದ.

"ಸಡಿಲ ಐತೆ" ಎಂದ. "ಬಿಚ್ಚಿ ಇನ್ನೊಂದ್ಸಲ ಹಾಕು."

ನಾನು ಬಿಚ್ಚಿ ಮತ್ತೆ ಹಾಕಿದೆ.